ಬಂದೂಕಿನ ಅಳತೆ

ಕಳೆದ ವರ್ಷ ಭತ್ತ ಹಾಲುಗಟ್ಟುವ ಹೊತ್ತಿನಲ್ಲಿ ಪಕ್ಕದ ಊರಿನ ತರುಣನೊಬ್ಬ ನಮ್ಮ ಮನೆಗೆ ಬಂದ. ಕೈಯಲ್ಲಿ ಕೋವಿ ಪರವಾನಗಿಯ ಅರ್ಜಿ ನಮೂನೆ ಇತ್ತು. "ಚಾಚಾ, ಇದನ್ನು ಸ್ವಲ್ಪ ತುಂಬಿಸಿಕೊಡಿ. ಹಂದಿ ಕಾಟ ತಡೆಯೋಕೆ ಆಗ್ತಿಲ್ಲ. ಪಾಯಿಂಟ್ ಟೂಟೂ ರೈಫಲ್ ಅಂತ ಬರುತ್ತಂತಲ್ಲ, ಸದ್ದೂ ಕಡಿಮೆ, ಖರ್ಚೂ ಕಡಿಮೆ. ಅದನ್ನೇ ಬರೆಯೋಣವಾ?" ಎಂದು ಕೇಳಿದ. ಅದು ಆಗುವುದಿಲ್ಲ ಎಂದು ಹೇಳಿದೆ. ಯಾಕೆ ಎಂದು ಅವನು ಮರುಪ್ರಶ್ನೆ ಹಾಕಿದಾಗ ಮಾತ್ರ ಒಂದೇ ವಾಕ್ಯದ ಉತ್ತರ ನನ್ನಲ್ಲಿರಲಿಲ್ಲ. ಯಾವ ಪ್ರಾಣಿಗೆ ಯಾವ ಕೋವಿ, ಯಾರ ಕೈಗೆ ಯಾವ ಕೋವಿ ಎಂಬ ಈ ಸಣ್ಣ ಪ್ರಶ್ನೆಯ ಹಿಂದೆ ಧರ್ಮಶಾಸ್ತ್ರವಿದೆ, ವಸಾಹತು ಆಡಳಿತದ ಅಪನಂಬಿಕೆಯಿದೆ, ಕಾಡಿನ ಕಾನೂನಿದೆ. ಅವನಿಗೆ ಅಂದು ಅರೆಬರೆಯಾಗಿ ಹೇಳಿದ್ದನ್ನು ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಪದದಿಂದಲೇ ಆರಂಭಿಸೋಣ. 'ಕೋವಿ' ನಮ್ಮದೇ ಮಾತು. ಕೊಳವೆ ಎಂಬುದು ಅದರ ಹಳೆಯ ಅರ್ಥ. 'ಬಂದೂಕು' ಅರಬಿಯ 'ಬುಂದುಕ್' ಎಂಬ ಪದದಿಂದ ಹೊರಟು ಫಾರಸಿ, ಉರ್ದು ಭಾಷೆಗಳ ಮೂಲಕ ಕನ್ನಡಕ್ಕೆ ಬಂದದ್ದು. ಬುಂದುಕ್ ಎಂದರೆ ದುಂಡನೆಯ ಒಂದು ಕಾಯಿ. ಆ ಗಾತ್ರದ ಮಣ್ಣಿನ ಉಂಡೆಗಳನ್ನು ಬಿಲ್ಲಿನಿಂದ ಹಾರಿಸಿ ಹಕ್ಕಿ ಹೊಡೆಯುವ ರೂಢಿ ಅರಬ್ ನಾಡುಗಳಲ್ಲಿತ್ತು. ಉಂಡೆಗೂ ಅದೇ ಹೆಸರಾಯಿತು. ಮುಂದೆ ಮದ್ದು ಗುಂಡು ಬಂದಾಗ ಆ ಹೆಸರು ಆಯುಧಕ್ಕೆ ಅಂಟಿಕೊಂಡಿತು. ಎಂದರೆ ಈ ಪದ ಹುಟ್ಟಿದ್ದು ಯುದ್ಧಭೂಮಿಯಲ್ಲಲ್ಲ, ಸಣ್ಣ ಬೇಟೆಯಲ್ಲಿ.

ಈ ಮಣ್ಣಿನ ಉಂಡೆಯೇ ಫುಕಹಾಗಳಿಗೆ, ಅಂದರೆ ಧರ್ಮಶಾಸ್ತ್ರಜ್ಞರಿಗೆ, ದೊಡ್ಡ ಚರ್ಚೆಯ ವಿಷಯವಾಯಿತು. ಪೆಟ್ಟು ತಿಂದು ಸತ್ತ ಪ್ರಾಣಿ ನಿಷಿದ್ಧವೆಂದು ಕುರ್‌ಆನಿನ ಅಲ್‌ಮಾಇದಾ ಅಧ್ಯಾಯ ಹೇಳುತ್ತದೆ. ಬಾಣದ ಮೊನೆ ನಾಟಿ ಸತ್ತರೆ ತಿನ್ನಬಹುದು, ಅಡ್ಡಲಾಗಿ ಬಡಿದು ಸತ್ತರೆ ತಿನ್ನಬಾರದು ಎಂದು ಪ್ರವಾದಿಯವರು ಅದೀ ಬಿನ್ ಹಾತಿಮ್ ಎಂಬ ಸಹಾಬಿಗೆ ತಿಳಿಸಿದ ಹದೀಸ್ ಇದೆ. ಹಾಗಾದರೆ ಸೀಸದ ಗುಂಡು ಮೊನೆಯೋ ಪೆಟ್ಟೋ? ಯಮನಿನ ವಿದ್ವಾಂಸ ಶೌಕಾನಿ ಅದು ಚುಚ್ಚಿ ಒಳನುಗ್ಗುತ್ತದೆ, ಆದ್ದರಿಂದ ಬಿಸ್ಮಿಲ್ಲಾ ಹೇಳಿ ಹೊಡೆದರೆ ಹಲಾಲ್ ಎಂದರು. ಅವರ ಸಮಕಾಲೀನರಾದ ದಮಾಸ್ಕಸ್‌ನ ಹನಫಿ ವಿದ್ವಾಂಸ ಇಬ್ನ್ ಆಬಿದೀನ್ ಒಪ್ಪಲಿಲ್ಲ. ಗುಂಡಿಗೆ ಅಲಗಿಲ್ಲ, ಅದು ರಭಸದಿಂದ ಕೊಲ್ಲುತ್ತದೆ ಎಂಬುದು ಅವರ ವಾದ. ನಮ್ಮ ದೇಶದ ಹನಫಿಗಳಲ್ಲಿ ಹೆಚ್ಚಿನವರು ಹಿಡಿದದ್ದು ಈ ಎರಡನೆಯ ದಾರಿಯನ್ನು. ಆದ್ದರಿಂದಲೇ ಹಿಂದಿನ ಕಾಲದ ಮುಸ್ಲಿಮ್ ಶಿಕಾರಿ ಕೋವಿಯ ಜೊತೆ ಚೂರಿಯನ್ನೂ ಒಯ್ಯುತ್ತಿದ್ದ. ಮೊಲವೋ ಕಾಡುಕೋಳಿಯೋ ಬಿದ್ದರೆ ಜೀವ ಹೋಗುವ ಮೊದಲು ಓಡಿಹೋಗಿ ಝಬಹ್ ಮಾಡಬೇಕು. ಪ್ರಾಣಿ ಛಿದ್ರವಾಗುವಂಥ ದೊಡ್ಡ ಈಡು ಅವನಿಗೆ ಬೇಡವಾಗಿತ್ತು.

ಇನ್ನೂ ಎರಡು ಮಾತುಗಳನ್ನು ಇಲ್ಲಿ ನೆನೆಯಬೇಕು. ಕಾಗೆ, ಹದ್ದು, ಇಲಿ, ಚೇಳು, ಕಚ್ಚುವ ನಾಯಿ, ಈ ಐದನ್ನು ಹರಮ್‌ನ ಗಡಿಯೊಳಗೂ ಕೊಲ್ಲಬಹುದೆಂದು ಹದೀಸ್ ಹೇಳುತ್ತದೆ. ಹಾನಿ ಮಾಡುವ ಜೀವಿಯಿಂದ ರಕ್ಷಿಸಿಕೊಳ್ಳುವ ಹಕ್ಕನ್ನು ಅದು ಒಪ್ಪುತ್ತದೆ. ಅದರ ಜೊತೆಗೇ, ಬೆರಳುಗಳಿಂದ ಕಲ್ಲು ಸಿಡಿಸುವುದನ್ನು ಪ್ರವಾದಿಯವರು ತಡೆದರು. ಅದರಿಂದ ಬೇಟೆಯೂ ಸಾಯದು, ಶತ್ರುವೂ ಸೋಲನು, ಯಾರದೋ ಹಲ್ಲು ಮುರಿದೀತು, ಕಣ್ಣು ಹೋದೀತು ಎಂಬುದು ಅದರ ಕಾರಣ. ಕೆಲಸಕ್ಕೆ ಸಾಲದ, ಗಾಯವನ್ನಷ್ಟೇ ಮಾಡುವ ಆಯುಧದ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಎಚ್ಚರಿಕೆ ಬೇಕೇ?

ಈಗ ಆಯುಧಕ್ಕೆ ಬರೋಣ. ನಮ್ಮ ಮಲೆನಾಡಿನ ಹಳೆಯ ಕೋವಿ ಎಂದರೆ ಕೇಪಿನ ಕೋವಿ. ನಳಿಗೆಯ ಬಾಯಿಯಿಂದ ಮಸಿ ಸುರಿದು, ನಾರು ತುರುಕಿ, ಚರೆ ಹಾಕಿ, ಗಜದಿಂದ ಜಡಿಯಬೇಕು. ಒಂದು ಈಡು ಹೊಡೆದರೆ ಇನ್ನೊಂದಕ್ಕೆ ಇಷ್ಟೂ ಮತ್ತೆ ಆಗಬೇಕು. ಆಮೇಲೆ ತೋಟಾ ಕೋವಿ ಬಂತು. ಅದರಲ್ಲಿ ಹೆಚ್ಚು ಬಳಕೆಯಾದದ್ದು 12 ಬೋರಿನದು. ಒಂದು ಪೌಂಡು ಸೀಸದಿಂದ ಸಮನಾದ 12 ಗುಂಡು ಮಾಡಿದರೆ ಅದರಲ್ಲೊಂದು ಹಿಡಿಸುವಷ್ಟು ಅಗಲದ ನಳಿಗೆ ಎಂದು ಆ ಸಂಖ್ಯೆಯ ಅರ್ಥ. ಈ ಎರಡರದೂ ನುಣುಪು ನಳಿಗೆ. ರೈಫಲಿನ ನಳಿಗೆಯೊಳಗೆ ಸುರುಳಿ ಗೀರುಗಳಿದ್ದು, ಅವು ಗುಂಡನ್ನು ತಿರುಗಿಸಿ ನೇರವಾಗಿ ದೂರ ಕಳಿಸುತ್ತವೆ.

ಪಾಯಿಂಟ್ 22 ಎಂದರೆ ನಳಿಗೆಯ ಅಗಲ ಒಂದು ಇಂಚಿನ ನೂರರಲ್ಲಿ 22 ಪಾಲು, ಸುಮಾರು ಐದೂವರೆ ಮಿಲಿಮೀಟರ್. 1845ರಲ್ಲಿ ಫ್ರಾನ್ಸಿನ ಫ್ಲೋಬೆರ್ ಮನೆಯೊಳಗೆ ಗುರಿ ಅಭ್ಯಾಸ ಮಾಡಲೆಂದು ಪುಟ್ಟ ತೋಟವೊಂದನ್ನು ರೂಪಿಸಿದ. 1857ರಲ್ಲಿ ಅಮೆರಿಕದ ಸ್ಮಿತ್ ಅಂಡ್ ವೆಸನ್ ಅದನ್ನು ಬೆಳೆಸಿತು. 1887ರಲ್ಲಿ ಬಂದ ಲಾಂಗ್ ರೈಫಲ್ ತೋಟ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ. ಅದರ ಗುಂಡಿನ ತೂಕ ಎರಡೂವರೆ ಗ್ರಾಂ ಆಸುಪಾಸು. ಮೊಲ, ಅಳಿಲು, ಹೆಗ್ಗಣಗಳಿಗೆ ಅದು ಸಾಕು. ಆದರೆ ಹಂದಿಗೆ ಹೊಡೆದರೆ ಅದು ಗಾಯಗೊಂಡು ಪೊದೆ ಸೇರುತ್ತದೆ. ಮರುದಿನ ಸೊಪ್ಪಿಗೆ ಹೋದ ಹೆಂಗಸಿನ ಮೇಲೆ ಎರಗುತ್ತದೆ. ಇನ್ನೊಂದು ಅಪಾಯವಿದೆ. ಸಣ್ಣ ಚರೆ ಕೆಲವು ನೂರು ಮೀಟರಿನಲ್ಲಿ ಶಕ್ತಿ ಕಳೆದುಕೊಂಡು ನೆಲಕ್ಕೆ ಬೀಳುತ್ತದೆ. ಗುರಿ ತಪ್ಪಿದ ಪಾಯಿಂಟ್ 22 ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಗದ್ದೆಗೊಂದು ಮನೆಯಿರುವ ನಮ್ಮ ಕಡೆ ಆ ಗುಂಡು ಯಾರ ಅಂಗಳಕ್ಕೆ ಬೀಳುತ್ತದೋ ಹೇಳಬರುವುದಿಲ್ಲ.

ಆದರೆ ಯಾರ ಕೈಗೆ ಯಾವ ಕೋವಿ ಎಂಬುದನ್ನು ನಮ್ಮಲ್ಲಿ ನಿರ್ಧರಿಸಿದ್ದು ಈ ಲೆಕ್ಕಾಚಾರ ಮಾತ್ರವಲ್ಲ. 1857ರ ದಂಗೆಯ ನಂತರ ಬ್ರಿಟಿಷರಿಗೆ ಪ್ರಜೆಯ ಮನೆಯ ಗೋಡೆಗೆ ತೂಗುವ ಕೋವಿಯೂ ಭಯ ಹುಟ್ಟಿಸುತ್ತಿತ್ತು. 1878ರಲ್ಲಿ ಲಾರ್ಡ್ ಲಿಟ್ಟನ್ ಕಾಲದಲ್ಲಿ ಆಯುಧ ಕಾಯ್ದೆ ಬಂತು. ಭಾರತೀಯನಿಗೆ ಪರವಾನಗಿ ಕಡ್ಡಾಯವಾಯಿತು, ಯುರೋಪಿಯನ್ನನಿಗೆ ವಿನಾಯಿತಿ ಸಿಕ್ಕಿತು. ದೊರೆ ಮೋಜಿಗೆ ಹುಲಿ ಹೊಡೆಯಬಹುದು, ರೈತ ಗದ್ದೆ ಕಾಯಲು ಅಪ್ಪಣೆ ಬೇಡಬೇಕು. ಗಾಂಧೀಜಿ ಈ ಕಾಯ್ದೆಯನ್ನು ಬ್ರಿಟಿಷ್ ಆಡಳಿತದ ಅತ್ಯಂತ ಕರಾಳ ಕೃತ್ಯಗಳಲ್ಲಿ ಒಂದೆಂದು 1918ರಲ್ಲಿ ಕರೆದರು. ಅಹಿಂಸೆಯ ಮನುಷ್ಯನಿಗೂ ಅದರಲ್ಲಿ ಕಂಡದ್ದು ಅವಮಾನ.

ನಮ್ಮ ನಾಡಿನಲ್ಲೇ ಇದಕ್ಕೊಂದು ಅಪವಾದವಿದೆ. 1861ರಲ್ಲಿ ಮೈಸೂರು, ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಆಗಿನ ನಿಶ್ಶಸ್ತ್ರೀಕರಣ ಕಾಯ್ದೆಯಿಂದ ಹೊರಗಿಟ್ಟ. ಸ್ವತಂತ್ರ ಭಾರತದಲ್ಲೂ ಆ ವಿನಾಯಿತಿ ಮುಂದುವರಿಯಿತು. 2019ರಲ್ಲಿ ಕೇಂದ್ರ ಸರಕಾರ ಅದನ್ನು 2029ರವರೆಗೆ ವಿಸ್ತರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಎತ್ತಿಹಿಡಿಯಿತು. ಈ ವಿನಾಯಿತಿ ಕೊಡವ ಜನಾಂಗಕ್ಕೆ ಮಾತ್ರವಲ್ಲ, ಕೊಡಗಿನಲ್ಲಿ ಜಮ್ಮಾ ಹಿಡುವಳಿ ಇರುವ ಪ್ರತಿಯೊಬ್ಬರಿಗೂ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ಜಮ್ಮಾ ಭೂಮಿಯ ಮುಸ್ಲಿಮರೂ ಅಲ್ಲಿದ್ದಾರೆ. ಕೈಲ್‌ಮುಹೂರ್ತದ ದಿನ ಕೋವಿಗೆ ತೋಕ್‌ಪೂ ಮುಡಿಸಿ ಪೂಜಿಸುವ ಕೊಡಗಿನಲ್ಲಿ ಆಯುಧದೊಂದಿಗೆ ಒಂದು ಶಿಸ್ತೂ ಬೆಳೆದು ಬಂದಿದೆ. ನಂಬಿಕೆಯಿಟ್ಟು ಕೊಟ್ಟ ಆಯುಧವನ್ನು ಜನ ಜವಾಬ್ದಾರಿಯಿಂದ ಇಟ್ಟುಕೊಳ್ಳಬಲ್ಲರು ಎಂಬುದಕ್ಕೆ ಕೊಡಗು ಸಾಕ್ಷಿ.

ಉಳಿದವರಿಗೆ 1959ರ ಆಯುಧ ಕಾಯ್ದೆ ಅನ್ವಯ. ಅದರ 13ನೇ ಕಲಮಿನಲ್ಲಿ ನನ್ನ ತರುಣನ ಪ್ರಶ್ನೆಗೆ ನೇರ ಉತ್ತರವಿದೆ. ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ಮಸಿ ತುಂಬುವ ಕೋವಿ. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಬೇರೆ ನುಣುಪು ನಳಿಗೆಯ ಕೋವಿ. ಪಾಯಿಂಟ್ 22 ರೈಫಲಿನ ಹೆಸರು ಅಲ್ಲಿ ಬರುವುದು ರೈಫಲ್ ಕ್ಲಬ್ಬಿನ ಸದಸ್ಯನ ಗುರಿ ಅಭ್ಯಾಸಕ್ಕೆ. ಹೊಸ ಆಯುಧ ಕ್ಲಬ್ಬಿನವನಿಗೆ, ನೂರು ವರ್ಷ ಹಳೆಯದು ರೈತನಿಗೆ ಎಂದು ಅವನಿಗೆ ಅನಿಸಿದರೆ ತಪ್ಪೇನಲ್ಲ. ಆದರೆ ಚರೆ ಮತ್ತು ಗುಂಡಿನ ವ್ಯತ್ಯಾಸ ತಿಳಿದ ಮೇಲೆ, ಹಳ್ಳಿಯ ಮಟ್ಟಿಗೆ ಇದೇ ಕ್ಷೇಮ ಎಂದೂ ಒಪ್ಪಬೇಕಾಗುತ್ತದೆ.

ಸಣ್ಣ ಬಂದೂಕೊಂದು ದೊಡ್ಡ ಬದುಕಿಗೆ ದಾರಿ ತೋರಿಸಿದ ಪ್ರಸಂಗವೂ ನಮ್ಮ ಇತಿಹಾಸದಲ್ಲಿದೆ. ಸುಮಾರು 1908ರಲ್ಲಿ ಮುಂಬಯಿಯ ಹುಡುಗನೊಬ್ಬ ಏರ್‌ಗನ್ನಿನಿಂದ ಗುಬ್ಬಿಯೊಂದನ್ನು ಕೆಡವಿದ. ಅದರ ಕತ್ತಿನ ಮೇಲೆ ಹಳದಿ ಮಚ್ಚೆಯಿತ್ತು. ಮಾವ ಅಮೀರುದ್ದೀನ್ ತಯ್ಯಬ್‌ಜಿ ಅವನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮಿಲ್ಲರ್ಡ್ ಅವರ ಬಳಿ ಕಳಿಸಿದರು. ಆ ಹುಡುಗ ಸಲೀಂ ಅಲಿ. 1939-40ರಲ್ಲಿ ಅವರೇ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ನಡೆಸಿದರು. ಆ ಕಾಲದ ಸಮೀಕ್ಷೆಗಳಲ್ಲಿ ಹಕ್ಕಿಗಳ ಮಾದರಿ ಸಂಗ್ರಹಿಸಲು ಕೋವಿ ಬೇಕಿತ್ತು. ಆದರೆ ಕೊಂದ ಹಕ್ಕಿಯ ಹೆಸರು ಕೇಳುವ ಕುತೂಹಲ ಆ ಹುಡುಗನಿಗೆ ಬಂದದ್ದರಿಂದ ನಮಗೆ ಸಲೀಂ ಅಲಿ ಸಿಕ್ಕರು. ಸುಮ್ಮನೆ ಕೊಂದ ಗುಬ್ಬಿ ಕಿಯಾಮತ್ತಿನ ದಿನ ದೂರು ಕೊಡುತ್ತದೆ ಎಂಬ ಹದೀಸನ್ನು ಓದುವಾಗಲೆಲ್ಲ ನನಗೆ ಆ ಹಳದಿ ಮಚ್ಚೆಯ ಗುಬ್ಬಿ ನೆನಪಾಗುತ್ತದೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1991ರ ತಿದ್ದುಪಡಿಯಿಂದ ಬೇಟೆಯ ಬಾಗಿಲು ಹೆಚ್ಚುಕಡಿಮೆ ಪೂರ್ತಿ ಮುಚ್ಚಿತು. ಕಾಗೆ, ಬಾವಲಿ, ಇಲಿಗಳನ್ನು ಉಪದ್ರವಿಗಳೆಂದು ಪಟ್ಟಿ ಮಾಡಿದ್ದ ಐದನೆಯ ಅನುಸೂಚಿಯೂ 2022ರ ತಿದ್ದುಪಡಿ ಜಾರಿಯಾದಾಗ, 2023ರ ಏಪ್ರಿಲ್‌ನಲ್ಲಿ, ಇಲ್ಲವಾಯಿತು. ಇಂದು ಮೊಲದ ಬೇಟೆಯೂ ಅಪರಾಧವೇ. ನಿಂತ ಬೆಳೆಗೆ ಹಾನಿ ಮಾಡುವ ಪ್ರಾಣಿಯನ್ನು ಕೊಲ್ಲಲು 11ನೇ ಕಲಮಿನಲ್ಲಿ ಅವಕಾಶವಿದೆ, ಆದರೆ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಕೇರಳ 2022ರಲ್ಲಿ ಕಾಡುಹಂದಿಯ ಮಟ್ಟಿಗೆ ಈ ಅಧಿಕಾರವನ್ನು ಪಂಚಾಯತಿ ಅಧ್ಯಕ್ಷರವರೆಗೆ ಇಳಿಸಿತು. ಕೋವಿ ಪರವಾನಗಿ ಇದ್ದ ಮಾತ್ರಕ್ಕೆ ಕೊಲ್ಲುವ ಪರವಾನಗಿ ಬಂದಂತಲ್ಲ ಎಂಬುದನ್ನು ನಮ್ಮ ರೈತರು ತಿಳಿದಿರಬೇಕು. ಹೆಚ್ಚಿನ ಮಟ್ಟಿಗೆ ಆ ಕೋವಿಯ ಕೆಲಸ ಸದ್ದು ಮಾಡಿ ಅಟ್ಟುವುದು.

ಆ ಸದ್ದಿಗೂ ಅಡ್ಡಿಗಳಿವೆ. ಚುನಾವಣೆ ಬಂತೆಂದರೆ ಕೋವಿಗಳು ಪೊಲೀಸ್ ಠಾಣೆಗೆ ಹೋಗುತ್ತವೆ. ಹಂದಿಗಳಿಗೆ ನೀತಿ ಸಂಹಿತೆ ಗೊತ್ತಿಲ್ಲ. ಹತಾಶನಾದ ರೈತ ಉರುಳು ಕಟ್ಟುತ್ತಾನೆ, ಬೇಲಿಗೆ ಕರೆಂಟು ಕೊಡುತ್ತಾನೆ, ಸಿಡಿಮದ್ದು ಇಡುತ್ತಾನೆ. 2020ರಲ್ಲಿ ಪಾಲಕ್ಕಾಡಿನ ಬಳಿ ಬಾಯಿ ಸಿಡಿದ ಗಬ್ಬದ ಆನೆ ನೀರಿನಲ್ಲಿ ನಿಂತು ಸತ್ತದ್ದನ್ನು ದೇಶವೇ ನೋಡಿತು. ಕೋವಿ ಹಿಡಿದವನು ನೋಡಿ ಹೊಡೆಯುತ್ತಾನೆ. ಉರುಳಿಗೂ ಕರೆಂಟಿಗೂ ಕಣ್ಣಿಲ್ಲ. ಅವು ಹಂದಿ, ಚಿರತೆ, ಆನೆ, ಹಸು, ಮನುಷ್ಯ ಎಂದು ನೋಡುವುದಿಲ್ಲ. ಪ್ರಾಣಿಯ ಮೇಲೆ ಕರುಣೆಯಿರುವ ಸರಕಾರ ರೈತನ ಅರ್ಜಿಗೆ ಬೇಗ ಉತ್ತರಿಸಬೇಕು, ಹಾನಿಗೆ ಸರಿಯಾದ ಪರಿಹಾರ ಕೊಡಬೇಕು. ಇಲ್ಲವಾದರೆ ಕಾನೂನು ಕಾಗದದಲ್ಲಿ ಪ್ರಾಣಿಯನ್ನು ಉಳಿಸುತ್ತದೆ, ಬೇಲಿಯಲ್ಲಿ ಕೊಲ್ಲುತ್ತದೆ.

ಕೊನೆಗೆ ಅರ್ಜಿಯಲ್ಲಿ 'ಒಂಟಿ ನಳಿಗೆಯ ಕೇಪಿನ ಕೋವಿ, ಬೆಳೆ ರಕ್ಷಣೆಗಾಗಿ' ಎಂದು ಬರೆದೆವು. ಆ ತರುಣ ಹಂದಿಯನ್ನು ತಿನ್ನುವವನಲ್ಲ, ಮಾರುವವನೂ ಅಲ್ಲ. ಅವನಿಗೆ ಬೇಕಾಗಿದ್ದದ್ದು ಒಂದು ವರ್ಷದ ಅನ್ನ. ಸಹಿ ಹಾಕುತ್ತ, "ಹೊಡೀಲೇಬೇಕು ಅಂತ ಇಲ್ಲ ಚಾಚಾ, ಅವು ಹೋದ್ರೆ ಸಾಕು" ಎಂದ. ಆ ವರ್ಷದ ಭತ್ತ ಹಂದಿಗಳಿಗೇ ಹೋಯಿತು. ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ.