ಯಾರಿಗೂ ದಾರಿ ತಪ್ಪಿಸದ ಚಕ್ರವ್ಯೂಹ

(ಪಾಡ್‌ಕಾಸ್ಟ್‌ನ ಬರಹ ರೂಪ)

ಚಕ್ರವ್ಯೂಹ ಅಂದ ತಕ್ಷಣ ನಮ್ಮ ತಲೆಗೆ ಬರೋದು ಅಭಿಮನ್ಯು. ಒಳಗೆ ಹೋಗೋದು ಗೊತ್ತಿತ್ತು, ಹೊರಗೆ ಬರೋದು ಗೊತ್ತಿರಲಿಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಸ್ಥಾನದ ಗೋಡೆಯಲ್ಲಿ ಆ ವ್ಯೂಹವನ್ನು ಸುತ್ತುಸುತ್ತಾದ ದಾರಿಯ ಹಾಗೆ ಕೆತ್ತಿದ್ದಾರೆ, ನೋಡಿರ್ತೀರಿ. ಇವತ್ತು ಹೆಚ್ಚುಕಡಿಮೆ ಅಂಥದ್ದೇ ಒಂದು ಚಿತ್ರದ ಕಥೆ. ಆದರೆ ಇದು ಯುರೋಪಿನ ಚರ್ಚುಗಳಲ್ಲಿ ನೆಲದ ಮೇಲೆ ಹಾಸಿದ್ದು. ಇದರಲ್ಲಿ ಯಾರೂ ಸಿಕ್ಕಿಹಾಕಿಕೊಳ್ಳಲ್ಲ.

ಇದರ ಹೆಸರು ಲ್ಯಾಬಿರಿಂತ್. ಮೇಜ್ ಬೇರೆ, ಇದು ಬೇರೆ. ಮೇಜ್‌ನಲ್ಲಿ ಕವಲು ದಾರಿ ಇರುತ್ತೆ, ತಪ್ಪು ತಿರುವು ಇರುತ್ತೆ. ಲ್ಯಾಬಿರಿಂತ್‌ನಲ್ಲಿ ಇರೋದು ಒಂದೇ ದಾರಿ. ನಡೀತಾ ಇದ್ದರೆ ಸಾಕು, ನಡುವಿಗೆ ತಲುಪ್ತೀರಿ. ವಾಪಸ್ ಬರೋದೂ ಅದೇ ದಾರಿಯಲ್ಲಿ.

ಇವುಗಳಲ್ಲಿ ತುಂಬಾ ಪ್ರಸಿದ್ಧವಾದದ್ದು ಫ್ರಾನ್ಸ್‌ನ ಶಾರ್ತ್ರ್ ಕೆಥೆಡ್ರಲ್‌ನಲ್ಲಿದೆ. 1194ರ ಬೆಂಕಿಯಲ್ಲಿ ಹಳೆಯ ಕಟ್ಟಡ ಸುಟ್ಟುಹೋಯ್ತು. ಹೊಸದನ್ನು ಕಟ್ಟುವಾಗ, 13ನೇ ಶತಮಾನದ ಆರಂಭದಲ್ಲಿ, ನೆಲದಲ್ಲೇ ಇದನ್ನು ಕೂರಿಸಿದರು. ಅಡ್ಡಳತೆ ಸುಮಾರು 13 ಮೀಟರ್, ಹನ್ನೊಂದು ಸುತ್ತು, ದಾರಿಯ ಉದ್ದ ಮಾತ್ರ ಸುಮಾರು 260 ಮೀಟರ್! ಒಂದು ದೊಡ್ಡ ಹಾಲ್‌ನಷ್ಟು ಜಾಗದಲ್ಲಿ ಕಾಲು ಕಿಲೋಮೀಟರ್ ನಡಿಗೆ ಮಡಚಿಟ್ಟ ಹಾಗೆ.

ಜೆರುಸಲೇಮ್‌ಗೆ ಹೋಗಲಾಗದವರು ಯಾತ್ರೆಯ ಬದಲು ಇದನ್ನು ನಡೀತಿದ್ದರು ಅಂತ ಎಲ್ಲೆಲ್ಲೂ ಹೇಳ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ಮಧ್ಯಯುಗದ ಯಾವ ದಾಖಲೆಯೂ ಹಾಗೆ ಹೇಳಲ್ಲ, ಆ ವಿವರಣೆ ಬಂದಿದ್ದು ಬಹಳ ತಡವಾಗಿ. ದಾಖಲೆಯಲ್ಲಿ ಇರೋದು ಇನ್ನೂ ಮಜವಾಗಿದೆ. ಓಸೇರ್ ಊರಿನ ಕೆಥೆಡ್ರಲ್‌ನಲ್ಲಿ ಈಸ್ಟರ್ ದಿನ ಪಾದ್ರಿಗಳೇ ಲ್ಯಾಬಿರಿಂತ್ ಸುತ್ತ ಕೈ ಹಿಡಿದು ಕುಣೀತಾ, ಚೆಂಡು ಎಸೆದಾಡ್ತಿದ್ದರು. ಆ ಚೆಂಡಿನ ಬಗ್ಗೆ 1396ರಲ್ಲಿ ನಿಯಮವನ್ನೇ ಮಾಡಿದ್ದರು! 1538ರಲ್ಲಿ ಆ ಆಟ ನಿಂತುಹೋಯ್ತು.

ಅಮಿಯಾಂ ಕೆಥೆಡ್ರಲ್‌ನದು ಇನ್ನೊಂದು ಥರ. 1288ರ ಆ ಲ್ಯಾಬಿರಿಂತ್‌ನ ನಡುಗಲ್ಲಿನಲ್ಲಿ ಬಿಷಪ್ ಜೊತೆಗೆ ಕಟ್ಟಡ ಕಟ್ಟಿದ ಮೂವರು ಮೇಸ್ತ್ರಿಗಳಿಗೂ ಜಾಗ ಸಿಕ್ಕಿತು: ರಾಬರ್ಟ್ ದ ಲ್ಯೂಜಾರ್ಶ್, ತೋಮಾ ದ ಕೊರ್ಮೋಂ, ಅವರ ಮಗ ರೆನೋ. ಅಂದರೆ ಇದು ಕೆಲಸಗಾರರ ಸಹಿಯೂ ಹೌದು.

ಆಮೇಲೆ ಏನಾಯ್ತು? ಒಂದೊಂದಾಗಿ ಹೋದವು. ರೀಮ್ಸ್‌ನಲ್ಲಿ ಪೂಜೆಯ ಹೊತ್ತಿಗೆ ಮಕ್ಕಳು ಅದರ ಮೇಲೆ ಓಡಾಡಿ ಗದ್ದಲ ಮಾಡ್ತಾರೆ ಅಂತ 1779ರಲ್ಲಿ ಕಿತ್ತುಹಾಕಿದರು. ಅಮಿಯಾಂನದನ್ನು 1820ರ ದಶಕದಲ್ಲಿ ತೆಗೆದರು, 1890ರ ದಶಕದಲ್ಲಿ ಮತ್ತೆ ಹಾಸಿದರು. ಶಾರ್ತ್ರ್‌ನದು ಉಳೀತು, ಆದರೆ ಮೇಲೆ ಕುರ್ಚಿಗಳ ಸಾಲು ಬಂತು. ಮಕ್ಕಳ ಆಟಕ್ಕೆ ಹೆದರಿ ಅಳಿಸಿದ ರೀಮ್ಸ್‌ನ ಆ ಚಿತ್ರವೇ ಇವತ್ತು ಫ್ರಾನ್ಸ್‌ನ ಸಂರಕ್ಷಿತ ಸ್ಮಾರಕಗಳ ಅಧಿಕೃತ ಲೋಗೋ. ನೋಡಿ, ಹೇಗಿದೆ!

ಕಥೆ ಈಗ ಅಟ್ಲಾಂಟಿಕ್ ದಾಟುತ್ತೆ. ಸ್ಯಾನ್ ಫ್ರಾನ್ಸಿಸ್ಕೋದ ಗ್ರೇಸ್ ಕೆಥೆಡ್ರಲ್‌ನ ಪಾದ್ರಿ ಲಾರೆನ್ ಆರ್ಟ್ರೆಸ್ 1991ರಲ್ಲಿ ಶಾರ್ತ್ರ್‌ಗೆ ಹೋಗಿ, ಕುರ್ಚಿ ಸರಿಸಿ, ಆ ದಾರಿಯಲ್ಲಿ ನಡೆದರು. ವಾಪಸ್ ಬಂದು ಅದೇ ಚಿತ್ರವನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಬಿಡಿಸಿ, ಅದೇ ವರ್ಷದ ಕೊನೆಗೆ ಜನರಿಗೆ ಹಾಸಿಕೊಟ್ಟರು. 1995ರಲ್ಲಿ ಅದು ಚರ್ಚಿನ ಹೊರ ಅಂಗಳಕ್ಕೇ ಬಂತು, ಟೆರಾಝೋದಲ್ಲಿ. ಟೆರಾಝೋ ಅಂದರೆ ಸಿಮೆಂಟ್ ಗಾರೆಯಲ್ಲಿ ಕಲ್ಲಿನ ಚೂರು ಕಲಸಿ ಉಜ್ಜಿ ನುಣುಪು ಮಾಡಿದ್ದು. ಬೆಂಗಳೂರಿನ ಹಳೆ ಮನೆಗಳಲ್ಲಿ ‘ಮೊಸಾಯಿಕ್ ನೆಲ’ ಅಂತೀವಲ್ಲ, ಅದರ ನೆಂಟ.

ಈ ಮಾದರಿ ಆಮೇಲೆ ಎಷ್ಟೋ ಚರ್ಚ್ ತೋಟಗಳಿಗೆ ಹೋಯ್ತು, ಅಲ್ಲೆಲ್ಲ ಕಾಂಕ್ರೀಟ್ ಕೈಗೆಟುಕುವ ದಾರಿ. ನೆಲ ಅಗೆದು, ಜಲ್ಲಿ ಹಾಸಿ ದಮ್ಮಸ್ಸು ಹೊಡೀಬೇಕು. ನೀರು ನಿಲ್ಲದ ಹಾಗೆ ಸ್ವಲ್ಪ ಇಳಿಜಾರು ಕೊಟ್ಟು ಸ್ಲ್ಯಾಬ್ ಹಾಕಬೇಕು. ಒಂದು ವಾರ ತೇವ ಆರದ ಹಾಗೆ ಕ್ಯೂರಿಂಗ್ ಆಗಬೇಕು. ನಡುವೆ ಒಂದು ಗೂಟ, ಅದಕ್ಕೊಂದು ದಾರ, ರಂಗೋಲಿ ಬಿಡಿಸಿದ ಹಾಗೆ ಒಂದರ ಹೊರಗೊಂದು ವೃತ್ತ. ಆಮೇಲೆ ಬಣ್ಣದಿಂದಲೋ ಕಟರ್‌ನಿಂದಲೋ ಗೆರೆ. ಕಾಂಕ್ರೀಟ್ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗೋದರಿಂದ ಜಾಯಿಂಟ್ ಬಿಡಲೇಬೇಕು. ಆ ಜಾಯಿಂಟ್ ಇನ್ನೊಂದು ದಾರಿಯ ಥರ ಕಾಣದ ಹಾಗೆ ನೋಡಿಕೊಳ್ಳೋದೇ ಕಷ್ಟದ ಕೆಲಸ.

ಇನ್ನೊಂದು ಲೆಕ್ಕ ಇದೆ. ಶಾರ್ತ್ರ್‌ನ ದಾರಿಯ ಅಗಲ ಸುಮಾರು 34 ಸೆಂಟಿಮೀಟರ್, ಒಬ್ಬರ ಪಾದಕ್ಕಷ್ಟೇ. ವೀಲ್‌ಚೇರ್ ಹೋಗಬೇಕು ಅಂದರೆ 90 ಸೆಂಟಿಮೀಟರ್ ಆದರೂ ಬೇಕು. ಹನ್ನೊಂದು ಸುತ್ತನ್ನೂ ಹಾಗೆ ಮಾಡಿದರೆ ಅಡ್ಡಳತೆ 20 ಮೀಟರ್ ದಾಟುತ್ತೆ. ಜಾಗ ಇಲ್ಲದಿದ್ದರೆ ಸುತ್ತು ಕಡಿಮೆ ಮಾಡಬೇಕು. ಹಳೆಯ ವಿನ್ಯಾಸ ಹಾಗೇ ಉಳೀಬೇಕಾ, ಎಲ್ಲರೂ ಬರಬೇಕಾ? ಗೆರೆ ಎಳೆಯೋ ಮೊದಲೇ ತೀರ್ಮಾನ ಆಗಬೇಕು.

ನನಗೆ ಈ ಎಂಟುನೂರು ವರ್ಷದ ಕಥೆಯಲ್ಲಿ ಕಾಣೋದು ಇಷ್ಟೇ: ಚಿತ್ರ ಹೆಚ್ಚು ಬದಲಾಗಲಿಲ್ಲ, ಬದಲಾಗಿದ್ದು ಯಾರು ಅದರ ಮೇಲೆ ಕಾಲಿಡಬಹುದು ಅನ್ನೋದು. ಒಂದು ಕಾಲಕ್ಕೆ ಪಾದ್ರಿಗಳು ಕುಣಿದರು, ಮಕ್ಕಳು ಓಡಿದರು, ಆಮೇಲೆ ಕುರ್ಚಿಗಳು ಕೂತವು. ಗ್ರೇಸ್ ಕೆಥೆಡ್ರಲ್‌ನ ಹೊರಗಿನ ಲ್ಯಾಬಿರಿಂತ್ ದಿನದ ಇಪ್ಪತ್ನಾಲ್ಕು ಗಂಟೆಯೂ ತೆರೆದಿರುತ್ತೆ. ರಾತ್ರಿ ಎರಡು ಗಂಟೆಗೆ ನಿದ್ದೆ ಬರದ ಯಾರಾದರೂ, ಯಾವ ಧರ್ಮದವರಾದರೂ, ದೇವರನ್ನು ನಂಬದವರಾದರೂ ಬಂದು ನಡೀಬಹುದು. ಬಾಗಿಲು ತಟ್ಟೋದು ಬೇಡ.

ಮುಂದಿನ ಸಲ ಹಳೇಬೀಡಿಗೆ ಹೋದಾಗ ಆ ಚಕ್ರವ್ಯೂಹದ ದಾರಿಯನ್ನು ಕಣ್ಣಲ್ಲೇ ನಡೆದು ನೋಡಿ. ಮತ್ತೆ ಸಿಗೋಣ.