ಶೇಕಡಾ ಎರಡರ ಆಸೆಗೆ

ಏಕಮಾರ್ಗದ ರೈಲಿನಲ್ಲಿ ಊರಿಗೆ ಹೋಗಿಬಂದವರಿಗೆ ಈ ದೃಶ್ಯ ನೆನಪಿರಬಹುದು. ಪ್ಲಾಟ್‌ಫಾರ್ಮಿನಲ್ಲಿ ನಿಂತ ಸಿಬ್ಬಂದಿ ದೊಡ್ಡ ಬಳೆಯೊಂದನ್ನು ಎತ್ತಿ ಹಿಡಿಯುತ್ತಾನೆ. ಚಾಲಕ ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಸಾಗುತ್ತಾನೆ. ಬಳೆಯ ಚೀಲದಲ್ಲಿರುವ ಲೋಹದ ಗುಂಡೇ ಟೋಕನ್. ಅದು ಕೈಗೆ ಬರದೆ ಮುಂದಿನ ಹಳಿಗೆ ಇಳಿಯುವಂತಿಲ್ಲ.

ಸಾಫ್ಟ್‌ವೇರಿಗೂ ಇಂಥದೇ ಕಟ್ಟಳೆ ಬೇಕೆಂದು 1960ರ ದಶಕದಲ್ಲಿ ತೋರಿಸಿಕೊಟ್ಟವರು ಡಚ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ. ತಮ್ಮ ಉಪಾಯಕ್ಕೆ ಅವರಿಟ್ಟ ಹೆಸರೂ ರೈಲಿನದೇ: ಸೆಮಫೋರ್, ಅಂದರೆ ಕೈಮರ.

ಒಂದೇ ಪ್ರೋಗ್ರಾಮಿನೊಳಗೆ ಏಕಕಾಲಕ್ಕೆ ಸಾಗುವ ಕೆಲಸದ ಎಳೆಗಳೇ ಥ್ರೆಡ್‌ಗಳು. ಒಂದು ಎಣಿಕೆ 5ರಲ್ಲಿದೆ ಎನ್ನಿ. ಎರಡು ಥ್ರೆಡ್‌ಗಳು ಒಟ್ಟಿಗೇ ಅದನ್ನು ಓದಿ, ತಲಾ ಒಂದು ಕೂಡಿಸಿ, ಎರಡೂ 6 ಎಂದು ಬರೆಯುತ್ತವೆ. ಆಗಬೇಕಾದದ್ದು 7. ಬೀಗವಿಲ್ಲದಿದ್ದರೆ ಈ ತಪ್ಪು ಸದ್ದಿಲ್ಲದೆ ಉಳಿದುಬಿಡುತ್ತದೆ.

2000ದಲ್ಲಿ ರಿಚರ್ಡ್ ಹಿಪ್ ಬರೆದ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಲೈಬ್ರರಿ ಇಂದು ನಮ್ಮೆಲ್ಲರ ಫೋನಿನಲ್ಲಿದೆ. ಕಂಪೈಲ್ ಮಾಡುವಾಗ ಅದರ ಥ್ರೆಡ್‌ಸೇಫ್ ಆಯ್ಕೆಗೆ 0 ಕೊಟ್ಟರೆ ಬೀಗದ ಕೋಡೆಲ್ಲ ಕಳಚಿಹೋಗುತ್ತದೆ. ಅದರ ಅಧಿಕೃತ ಕೈಪಿಡಿಯ ಪ್ರಕಾರ ಇದರಿಂದ ಸಿಗುವ ಹೆಚ್ಚುವರಿ ವೇಗ ಸುಮಾರು 2%. ಬದಲಿಗೆ, ಪ್ರತಿ ಥ್ರೆಡ್ ತನ್ನದೇ ಕನೆಕ್ಷನ್ ತೆರೆದರೂ ಒಮ್ಮೆಗೆ ಒಂದಕ್ಕಿಂತ ಹೆಚ್ಚು ಥ್ರೆಡ್ ಅದನ್ನು ಮುಟ್ಟುವಂತಿಲ್ಲ. ಪ್ರೋಗ್ರಾಂ ಓಡುವಾಗ ಬೀಗವನ್ನು ಮರಳಿ ಹಾಕಲೂ ಆಗದು. ವರ್ಷಗಳ ನಂತರ ಇನ್ನೊಬ್ಬರು ಹೊಸ ಥ್ರೆಡ್ ಸೇರಿಸುವಾಗ ಆ ಹಳೆಯ 0 ಅವರ ಕಣ್ಣಿಗೆ ಬೀಳುವುದೂ ಇಲ್ಲ.

ಬೀಗ ತೆಗೆದದ್ದರ ಬೆಲೆ ಎಷ್ಟಾಗಬಹುದೆಂದು ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರ ತೋರಿಸಿತು. 1985ರಿಂದ 1987ರವರೆಗೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ರೋಗಿಗಳು ಅದರಿಂದ ಅತಿಯಾದ ವಿಕಿರಣಕ್ಕೆ ತುತ್ತಾದರು. ಕೆಲವರು ಪ್ರಾಣ ಬಿಟ್ಟರು. ಆಪರೇಟರ್ ತಪ್ಪು ನಮೂದನ್ನು ಕೆಲವೇ ಸೆಕೆಂಡುಗಳಲ್ಲಿ ತಿದ್ದಿದರೆ, ಏಕಕಾಲಕ್ಕೆ ನಡೆಯುತ್ತಿದ್ದ ಇನ್ನೊಂದು ಕೆಲಸಕ್ಕೆ ಆ ತಿದ್ದುಪಡಿ ತಿಳಿಯುತ್ತಲೇ ಇರಲಿಲ್ಲ. ಇದೇ ದೋಷ ಹಿಂದಿನ ಥೆರಾಕ್-20ರ ಸಾಫ್ಟ್‌ವೇರಿನಲ್ಲೂ ಇತ್ತು. ಅಲ್ಲಿ ಯಂತ್ರಕ್ಕೇ ಅಳವಡಿಸಿದ ಪ್ರತ್ಯೇಕ ತಡೆಗಳಿದ್ದವು, ಹಾಗಾಗಿ ಅನಾಹುತವಾಗಲಿಲ್ಲ. ಹೊಸ ಯಂತ್ರದಲ್ಲಿ ಆ ತಡೆಗಳನ್ನು ಕೈಬಿಟ್ಟು ಸಾಫ್ಟ್‌ವೇರನ್ನೇ ನಂಬಿದ್ದರು.

ಒಂದೇ ಥ್ರೆಡ್ ಸಾಕೆಂಬ ಖಾತ್ರಿ ಇದ್ದಲ್ಲಿ 0 ತಪ್ಪಲ್ಲ. ಆದರೆ ಆ ಖಾತ್ರಿ ಇಂದಿನದು, ಲೈಬ್ರರಿ ಬಾಳುವುದು ಹಲವು ವರ್ಷ. ಎಸ್‌ಕ್ಯೂಲೈಟ್‌ನಲ್ಲಿ ಅದನ್ನು ಹೇಗೆ ಕಂಪೈಲ್ ಮಾಡಲಾಗಿದೆ ಎಂದು ತಿಳಿಸುವ ಫಂಕ್ಷನ್ನೇ ಇದೆ. ಹೊಸ ಥ್ರೆಡ್ ಸೇರಿಸುವ ಮುನ್ನ ಅದನ್ನೊಮ್ಮೆ ಕರೆದು ನೋಡಿ. ಉತ್ತರ 0 ಬಂದರೆ ಅಲ್ಲೇ ನಿಲ್ಲಿ: ನಿಮ್ಮ ಕೈಗೆ ಟೋಕನ್ ಬಂದಿಲ್ಲ.