ಲೆಕ್ಕಕ್ಕೆ ಬಾರದ ದುಡಿಮೆ

"ಅವ್ವ ಕೆಲಸಕ್ಕೆ ಹೋಗಲ್ಲ, ಮನೇಲೇ ಇರ್ತಾಳೆ" ಅಂತ ನಾವೆಲ್ಲ ಹೇಳಿದವರೇ. ದೇಶಗಳ ಲೆಕ್ಕವೂ ಹಾಗೇ ಹೇಳುತ್ತದೆ.

ಇದನ್ನು ಗಟ್ಟಿಯಾಗಿ ಪ್ರಶ್ನಿಸಿದವರು ನ್ಯೂಜಿಲೆಂಡಿನ ಮರಿಲಿನ್ ವೇರಿಂಗ್. 1975ರಲ್ಲಿ, 23ನೇ ವಯಸ್ಸಿಗೇ ಸಂಸದೆಯಾದರು. ಸರ್ಕಾರದ ಖರ್ಚು ಪರಿಶೀಲಿಸುವ ಸಮಿತಿಯ ಅಧ್ಯಕ್ಷೆಯಾಗಿದ್ದಾಗ ಅವರಿಗೊಂದು ಸಂಗತಿ ಕಂಡಿತು. ಹೋಟೆಲಿನಲ್ಲಿ ಸಂಬಳಕ್ಕೆ ಅಡುಗೆ ಮಾಡಿದರೆ ಅದು ದೇಶದ ಉತ್ಪಾದನೆ. ಅದೇ ಅಡುಗೆ ಮನೆಯಲ್ಲಿ ಮಾಡಿದರೆ ಸೊನ್ನೆ. ಇದು ವಿಶ್ವಸಂಸ್ಥೆಯ ಲೆಕ್ಕದ ನಿಯಮ.

1988ರಲ್ಲಿ ಅವರು ಈ ಬಗ್ಗೆ ಪುಸ್ತಕ ಬರೆದರು. 1995ರಲ್ಲಿ ಕೆನಡಾದ ಟೆರ್ರಿ ನ್ಯಾಶ್ ಅವರ ಕುರಿತು 'ಹೂಸ್ ಕೌಂಟಿಂಗ್?' ಎಂಬ ಸಾಕ್ಷ್ಯಚಿತ್ರ ತೆಗೆದರು. ಅದರ ವಾದ ಸರಳ: ಲೆಕ್ಕದಲ್ಲಿ ಕಾಣದವರು ಬಜೆಟ್ಟಿನಲ್ಲೂ ಕಾಣುವುದಿಲ್ಲ.

1993ರಲ್ಲಿ ನಿಯಮ ತಿದ್ದಿದಾಗ ಮನೆಗೆ ನೀರು ಹೊರುವುದನ್ನು ಉತ್ಪಾದನೆ ಎಂದು ಒಪ್ಪಿಕೊಂಡರು. ಸಂಬಳವಿಲ್ಲದ ಅಡುಗೆ, ಮಕ್ಕಳ ಆರೈಕೆ ಮಾತ್ರ ಹೊರಗೇ ಉಳಿದವು.

2019ರಲ್ಲಿ ಭಾರತ ಸರ್ಕಾರ ದೇಶದಾದ್ಯಂತ ಸಮಯ ಬಳಕೆಯ ಸಮೀಕ್ಷೆ ಮಾಡಿತು. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ಆಗ ಅದಕ್ಕೆ ಕೊಡುತ್ತಿದ್ದುದು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ.

ಇನ್ನು ಯಾರಾದರೂ "ನಿಮ್ಮವ್ವ ಏನು ಮಾಡ್ತಾಳೆ?" ಅಂದರೆ, ಅವಳು ನಸುಕಿಗೆ ಎದ್ದು ಒಲೆ ಹಚ್ಚಿದಲ್ಲಿಂದ ಹೇಳಲು ಶುರು ಮಾಡಿ.